ಸಣ್ಣ ಗಾಳಿಯ ಮಾತು

ನಮ್ಮ ಊರಿನಲ್ಲಿ ಮಾತು ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ಕೋಳಿ ಕೂಗಿದ್ದು ಕೇಳುತ್ತದೆ, ಬಂಡಿಯ ಗಾಲಿ ಕಿರುಗುಟ್ಟಿದ್ದು ಕೇಳುತ್ತದೆ, ಕೂಸು ಅತ್ತದ್ದೂ ಕೇಳುತ್ತದೆ. ಆದರೆ ಅದೇ ಕೂಸು ಮೊದಲ ಸಲ ‘ಅವ್ವ’ ಎಂದ ದಿನ ಅದರ ತುಟಿ ಆಡಿದ್ದಷ್ಟೇ ಕಾಣುತ್ತದೆ. ಮಾತು ಗಲ್ಲದ ಹತ್ತಿರವೇ ನಿಂತುಬಿಡುತ್ತದೆ. ಅವತ್ತೇ ಮನೆಯವರು ಪೇಟೆಗೆ ಬಂದು ಕೂಸಿಗೊಂದು ಫ್ಯಾನು ಕೊಳ್ಳುತ್ತಾರೆ. ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣದು, ಸೆಲ್ಲಿನ ಮೇಲೆ ಓಡುವಂಥದ್ದು. ಅದನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕುತ್ತಾರೆ. ಮಾತಾಡುವಾಗ ಬಾಯಿಯ ಪಕ್ಕ ಹಿಡಿದು ಸ್ವಿಚ್ಚು ಒತ್ತಿದರೆ, ಗಾಳಿ ಮಾತನ್ನು ಎತ್ತಿಕೊಂಡು ಹೋಗಿ ಎದುರಿನವರ ಕಿವಿಗೆ ಮುಟ್ಟಿಸುತ್ತದೆ. ಹೊಳೆಯ ಕಡೆಯಿಂದ ಬೀಸುವ ಗಾಳಿಯನ್ನು ನಾವು ನಂಬುವುದಿಲ್ಲ. ಅದು ಒಬ್ಬರಿಗೆ ಹೇಳಿದ್ದನ್ನು ಒಯ್ದು ಇನ್ನೊಬ್ಬರ ಅಂಗಳದಲ್ಲಿ ಹಾಕುತ್ತದೆ.

ಫ್ಯಾನಿನ ಬದಿಗೆ ಒಂದು ಸಣ್ಣ ರೆಗ್ಯುಲೇಟರು ಇರುತ್ತದೆ. ಸಣ್ಣ ಗಾಳಿಗೆ ಇಟ್ಟರೆ ಮಾತು ಒಂದು ಗೇಣು ಹೋಗುತ್ತದೆ. ನಡು ಗಾಳಿಗೆ ಇಟ್ಟರೆ ಒಂದು ಕೋಣೆಗೆ ಸಾಕು. ದೊಡ್ಡ ಗಾಳಿಗೆ ಇಟ್ಟರೆ ಓಣಿಯ ಕೊನೆಯವರೆಗೂ ಕೇಳುತ್ತದೆ. ಹಿರಿಯರ ಮುಂದೆ ನಡು ಗಾಳಿ ದಾಟಬಾರದು. ಸತ್ತವರ ಮನೆಗೆ ಹೋದಾಗ ಸ್ವಿಚ್ಚು ಆರಿಸಿಕೊಂಡೇ ಕೂರಬೇಕು. ಹೊಸದಾಗಿ ಮದುವೆಯಾದವರ ಕೋಣೆಯಿಂದ ರೆಗ್ಯುಲೇಟರು ತಿರುಗಿಸುವ ಕಿರಿಕಿರಿ ಸದ್ದು ಬಂದರೆ ಹೊರಗೆ ಅಕ್ಕಿ ಆರಿಸುವ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ಇನ್ನೊಂದು ವಿಷಯ, ಒಬ್ಬರ ಫ್ಯಾನು ಇನ್ನೊಬ್ಬರಿಗೆ ಒಗ್ಗುವುದಿಲ್ಲ. ಎರವಲು ತಂದ ಫ್ಯಾನಿನಲ್ಲಿ ಮಾತು ಚೂರುಚೂರಾಗಿ ತಲುಪುತ್ತದೆ. ಹೊಸದು ಕೊಂಡರೂ ಅದು ಉಸಿರಿಗೆ ಹೊಂದಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಆದ್ದರಿಂದ ಯಾರೂ ಫ್ಯಾನು ಬಿಸಾಡುವುದಿಲ್ಲ, ರಿಪೇರಿಗೆ ತರುತ್ತಾರೆ. ರಿಪೇರಿ ಮಾಡುವವಳು ನಾನು.

ನನ್ನ ಹೆಸರು ಶಿವಗಂಗಾ. ಪೇಟೆಯಲ್ಲಿ ಬಳೆ ಅಂಗಡಿಯ ಪಕ್ಕ ನನ್ನ ಸಣ್ಣ ಅಂಗಡಿ, ಅದರ ಬಾಗಿಲಲ್ಲೇ ರಸ್ತೆಗೆ ಮುಖ ಮಾಡಿ ನನ್ನ ಮೇಜು ಇದೆ. ಸೋದರಮಾವ ಈ ಕೆಲಸ ಮಾಡುತ್ತಿದ್ದರು, ಅವರಿಂದ ಕಲಿತೆ. ಅವರಿಗಿಂತ ಚೆನ್ನಾಗಿ ಮಾಡುತ್ತೇನೆ ಎಂದು ಅವರೇ ನಾಲ್ಕು ಜನರ ಎದುರು ಹೇಳಿದ್ದಾರೆ. ನನ್ನ ಮೇಜಿಗೆ ಬಂದ ಫ್ಯಾನು ಮೂಕವಾಗಿ ವಾಪಸು ಹೋದದ್ದಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಒಂದು ದಿನ ಬೆಳಗಿನ ಸಂತೆ ಮುಗಿಯುವ ಹೊತ್ತಿಗೆ ರಾಚಪ್ಪನವರು ತಮ್ಮ ಮಗಳನ್ನು ಕರೆದುಕೊಂಡು ಬಂದರು. ರಾಚಪ್ಪನವರನ್ನು ಅರಿಯದವರು ನಮ್ಮ ಊರಿನಲ್ಲಿ ಇಲ್ಲ. ಕಾಯಿಪಲ್ಲೆ ಮಾರುಕಟ್ಟೆಯಲ್ಲಿ ಲಿಲಾವು, ಅಂದರೆ ಹರಾಜು, ಕೂಗುವವರು ಅವರು. ಅವರ ಫ್ಯಾನು ಎರಡು ಅಂಗೈಯಷ್ಟು ಅಗಲ, ಯಾವಾಗಲೂ ದೊಡ್ಡ ಗಾಳಿಯಲ್ಲೇ ಇರುತ್ತದೆ. ಅವತ್ತು ಮಾತ್ರ ಅವರು ಅದನ್ನು ಆದಷ್ಟು ದೂರ ಹಿಡಿದು, ಸಂಕಟಪಟ್ಟುಕೊಂಡು ಮಾತಾಡಿದರು. ಮಗಳು ಕಸ್ತೂರಿ ಸೆರಗಿನಲ್ಲಿ ತನ್ನ ಫ್ಯಾನನ್ನು ಮುಚ್ಚಿಕೊಂಡು ಹಿಂದೆ ನಿಂತಿದ್ದಳು. ಅವಳ ಮದುವೆಗೆ ನಾನೂ ಹೋಗಿದ್ದೆ. ಹೊಳೆಯಾಚೆಯ ಪೇಟೆಗೆ ಕೊಟ್ಟಿದ್ದರು, ವರ್ಷ ದಾಟಿತ್ತು.

ರಾಚಪ್ಪನವರು ಹೇಳಿದ್ದು ಇಷ್ಟು. ಮಗಳು ಗಂಡನ ಮನೆಯಿಂದ ತಿರುಗಿ ಬಂದಿದ್ದಾಳೆ. ಅವಳದು ದೊಡ್ಡ ಬಾಯಿ ಎನ್ನುವುದು ಬೀಗರ ದೂರು. ಗಂಡನ ಜೊತೆ ಕೋಣೆಯಲ್ಲಿ ಆಡಿದ ಮಾತೆಲ್ಲ ಓಣಿಗೆ ಕೇಳುತ್ತಿತ್ತಂತೆ. ಮನೆಯಲ್ಲಿ ಏನು ಸಾರು, ಯಾರಿಗೆ ಕಾಲುನೋವು, ಗಂಡ ಏನಂದ, ಎಲ್ಲವೂ ಬಾವಿಕಟ್ಟೆಯ ಹೆಂಗಸರ ಬಾಯಲ್ಲಿ. ಬೀಗರು ಹೇಳಿ ಹೇಳಿ ಸಾಕಾದ ಮೇಲೆ ಅವಳು ಬಾಯಿ ಮುಚ್ಚಿಕೊಂಡಳಂತೆ, ಆಮೇಲೆ ಯಾರ ಜೊತೆಗೂ ಮಾತಿಲ್ಲ. ತವರಿಗೆ ಬಂದ ಮೇಲೂ ಫ್ಯಾನು ಎತ್ತಿಲ್ಲ. ಈಗ ಅಳಿಯ, ಬೀಗಿತ್ತಿ ಇಬ್ಬರೂ ಮಧ್ಯಾಹ್ನಕ್ಕೆ ಬರುವವರಿದ್ದಾರೆ. ಅವಳ ಬಾಯಿಗೆ ಒಂದು ವ್ಯವಸ್ಥೆ ಮಾಡಿದರೆ ಕರೆದುಕೊಂಡು ಹೋಗುತ್ತೇವೆ, ಇಲ್ಲದಿದ್ದರೆ ಅವಳು ಅಲ್ಲೇ ಇರಲಿ ಎಂದು ಹೇಳಿ ಕಳಿಸಿದ್ದಾರೆ.

“ಅಕ್ಕಾರ, ಈ ಫ್ಯಾನು ಎಂದೂ ಸಣ್ಣ ಗಾಳಿ ದಾಟಬಾರದು, ಹಂಗ ಮಾಡಿ ಕೊಡ್ರಿ,” ಎಂದರು ರಾಚಪ್ಪನವರು. “ರೆಗ್ಯುಲೇಟರ್ ತಗದು ಒಗದ್ರೂ ಅಡ್ಡಿ ಇಲ್ಲ. ತಪ್ಪು ಆಕಿದಲ್ಲ, ನನ್ನ ರಕ್ತ. ಹುಟ್ಟಿದಾಗಿಂದ ನನ್ನ ಲಿಲಾವು ಕೇಳಿ ಬೆಳದಾಳ.”

ಹಾಗೆ ಗಾಳಿಯನ್ನು ಕಟ್ಟಿಹಾಕಿ ಕೊಡಲು ಬರುತ್ತದೆ, ಕಷ್ಟದ ಕೆಲಸವೇನಲ್ಲ. ಆದರೆ ನಾನು ಏನನ್ನಾದರೂ ಮುಟ್ಟುವ ಮೊದಲು ಫ್ಯಾನು ಓಡಿಸಿ ನೋಡುತ್ತೇನೆ. ಕಸ್ತೂರಿಗೆ ಏನಾದರೂ ಒಂದು ಮಾತು ಆಡಿ ತೋರಿಸಲು ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು. ಮನೆಯ ವಿಷಯ ಏನೂ ಬೇಡ, ಸುಮ್ಮನೆ ಯಾವುದಾದರೊಂದು ಕಾಯಿಪಲ್ಲೆಯ ಹೆಸರು ಹೇಳಿದರೆ ಸಾಕು ಎಂದೆ. ಅವಳು ರಸ್ತೆಯನ್ನು ಒಮ್ಮೆ ನೋಡಿದಳು, ಅಪ್ಪನನ್ನು ನೋಡಿದಳು, ಆಮೇಲೆ ಫ್ಯಾನನ್ನು ಬಾಯಿಯ ಪಕ್ಕ ಹಿಡಿದು ಸ್ವಿಚ್ಚು ಒತ್ತಿದಳು.

“ಬದನಿಕಾಯಿ.”

ಬಳೆ ಅಂಗಡಿಯವರ ಕೈಯಲ್ಲಿದ್ದ ಬಳೆ ಜಾರಿತು. ರಸ್ತೆಯಾಚೆ ನಡೆದು ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು, ತನ್ನ ಚೀಲ ತೆರೆದು ನೋಡಿಕೊಂಡಳು. ರಾಚಪ್ಪನವರು ನೆಲ ನೋಡಿದರು. ನಾನು ಮಾತ್ರ ಕಸ್ತೂರಿಯ ಬೆರಳು ನೋಡುತ್ತಿದ್ದೆ. ಆ ಬೆರಳಿನ ಕೆಳಗೆ ರೆಗ್ಯುಲೇಟರು ಸಣ್ಣ ಗಾಳಿಯ ಗುರುತಿನ ಮೇಲೇ ಇತ್ತು.

ಅದನ್ನು ರಾಚಪ್ಪನವರಿಗೆ ತೋರಿಸಿದೆ. ಅವರು ಬಗ್ಗಿ ನೋಡಿದರು, ಮತ್ತೆ ನೋಡಿದರು. ನಾನು ಅವರಿಗೆ, ಇದು ಬಾಯಿಯ ದೋಷ ಅಲ್ಲ, ಫ್ಯಾನಿನ ದೋಷ, ಮಧ್ಯಾಹ್ನದೊಳಗೆ ಹುಡುಕಿ ಕೊಡುತ್ತೇನೆ ಎಂದು ಹೇಳಿ, ಇಬ್ಬರನ್ನೂ ಎದುರಿನ ಬೆಂಚಿನ ಮೇಲೆ ಕೂರಿಸಿದೆ.

ವೇಗ ಕಡಿಮೆಯಾಗದ ಫ್ಯಾನು ಬಂದರೆ ಮೊದಲು ಅನುಮಾನ ಪಡುವುದು ರೆಗ್ಯುಲೇಟರಿನ ಮೇಲೆ. ಅದರೊಳಗೆ ದೂಳು ಕೂತು ತಿರುಗಿಸಿದರೂ ತಿರುಗಿಸದ ಹಾಗೆ ಆಗಿರುತ್ತದೆ. ಹತ್ತರಲ್ಲಿ ಎಂಟು ಫ್ಯಾನುಗಳ ಕಥೆ ಇದೇ. ಇದೂ ಹಾಗೇ ಇರುತ್ತದೆ ಎಂದು ಧೈರ್ಯವಾಗಿ ಬಿಚ್ಚಿ ಒರೆಸಿದೆ, ದ್ರಾವಣ ಬಿಟ್ಟು ತೊಳೆದೆ, ಒಣಗಿಸಿ ಓಡಿಸಿದೆ. ಫ್ಯಾನು ಮೊದಲಿನಷ್ಟೇ ಜೋರಾಗಿ ಓಡಿತು. ಮೀಟರು ಹಚ್ಚಿ ನೋಡಿದರೆ ರೆಗ್ಯುಲೇಟರು ಸರಿಯಾಗಿಯೇ ಇದೆ. ತಿರುಗಿಸಿದಂತೆ ಮುಳ್ಳು ನಯವಾಗಿ ಏರುತ್ತದೆ, ನಯವಾಗಿ ಇಳಿಯುತ್ತದೆ.

ರೆಗ್ಯುಲೇಟರಿನ ಹಿಂದೆ ಒಂದು ಚಿಕ್ಕ ಬೋರ್ಡು. ಅದರ ತುದಿಯಲ್ಲಿ ಒಂದು ಟ್ರಾನ್ಸಿಸ್ಟರು. ಫ್ಯಾನಿಗೆ ಹೋಗುವ ಕರೆಂಟಿಗೆ ಅದು ಬಾಗಿಲಿದ್ದ ಹಾಗೆ. ಬಹಳ ಬೇಗ ಬೇಗ ತೆರೆದು ಮುಚ್ಚುತ್ತಿರುತ್ತದೆ. ಹೆಚ್ಚು ಹೊತ್ತು ತೆರೆದಿದ್ದರೆ ದೊಡ್ಡ ಗಾಳಿ, ಹೆಚ್ಚು ಹೊತ್ತು ಮುಚ್ಚಿದ್ದರೆ ಸಣ್ಣ ಗಾಳಿ. ಬೋರ್ಡಿನಿಂದ ಅದಕ್ಕೆ ಬರುವ ಆಜ್ಞೆ ಸರಿಯಾಗಿಯೇ ಬರುತ್ತಿತ್ತು. ಹಾಗಾದರೆ ಬಾಗಿಲೇ ಕೆಟ್ಟು ತೆರೆದುಕೊಂಡು ನಿಂತಿರಬೇಕು. ಅದರ ಎರಡು ಕಾಲಿಗೆ ಮೀಟರು ಹಿಡಿದೆ. ನನ್ನ ಊಹೆಯಂತೆಯೇ ಎರಡೂ ನೇರವಾಗಿ ಕೂಡಿಕೊಂಡಿದ್ದವು. ಇಲ್ಲಿಗೆ ಮುಗಿಯಿತು ಎಂದು ರಾಚಪ್ಪನವರಿಗೆ ಕೈ ಸನ್ನೆ ಮಾಡಿ, ಬೆಸುಗೆ ಬಿಡಿಸಿ ಅದನ್ನು ತೆಗೆದು, ಹೊಸ ಟ್ರಾನ್ಸಿಸ್ಟರು ಹಾಕಿದೆ. ಕಸ್ತೂರಿಯನ್ನು ಕರೆದೆ. ಈ ಸಲ ಅವಳು ಹೇಳಿದ್ದು ಹೀರೇಕಾಯಿ. ಅದೂ ಬೀದಿಗೆಲ್ಲ ಕೇಳಿತು.

ನನ್ನ ಮೇಜಿನ ಮುಂದೆ ಆಗಲೇ ಜನ ಸೇರಿದ್ದರು. ರಿಪೇರಿ ನೋಡುವುದು ನಮ್ಮ ಊರಿನವರಿಗೆ ಇಷ್ಟ. ಅದರಲ್ಲೂ ರಾಚಪ್ಪನವರ ಮಗಳ ವಿಷಯ ಹೊಳೆ ದಾಟಿ ಇಲ್ಲಿಗೂ ಬಂದಿತ್ತು. ಕಸ್ತೂರಿಯ ಕಣ್ಣು ತುಂಬಿದ್ದನ್ನು ನೋಡಿ ನಾನು ಬಳೆ ಅಂಗಡಿಯಿಂದ ಅವಳಿಗೆ ನೀರು ತರಿಸಿಕೊಟ್ಟೆ. ಕೆಲಸ ನಿಲ್ಲಿಸಲಿಲ್ಲ. ತೆಗೆದಿಟ್ಟ ಹಳೆಯ ಟ್ರಾನ್ಸಿಸ್ಟರನ್ನು ಹೊರಗೇ ಮೀಟರಿಗೆ ಹಚ್ಚಿದೆ. ಅದು ಹೊಸದರಷ್ಟೇ ಚೆನ್ನಾಗಿತ್ತು.

ಆಗ ವಿಷಯ ಬೇರೆಯೇ ಆಯಿತು. ಬಾಗಿಲು ಗಟ್ಟಿಯಾಗಿದ್ದೂ ಕರೆಂಟು ನುಗ್ಗುತ್ತಿದೆ ಎಂದರೆ ಪಕ್ಕದಲ್ಲೆಲ್ಲೋ ಗೋಡೆಗೆ ಕಂಡಿ ಇದೆ ಎಂದರ್ಥ. ತಾನಾಗಿ ಆಗುವ ಕಂಡಿ ಹೇಗಿರುತ್ತದೆ ಎಂದು ನನಗೆ ಗೊತ್ತು. ಸುಟ್ಟ ಕಲೆ ಇರುತ್ತದೆ, ನೀರು ಬಿದ್ದ ಹಸಿರು ಜಂಗು ಇರುತ್ತದೆ. ಬೋರ್ಡಿನ ಮೇಲೆ ಅದೇನೂ ಇರಲಿಲ್ಲ. ಭೂತಗನ್ನಡಿ ಹಾಕಿಕೊಂಡು ಫ್ಯಾನಿನಿಂದ ಬರುವ ಎರಡು ತಂತಿಗಳನ್ನು ಬುಡದವರೆಗೂ ಹಿಂಬಾಲಿಸಿದೆ. ತಂತಿಗಳ ಮೇಲೆ ಒಂದು ಕಪ್ಪು ಕೊಳವೆ ತೊಡಿಸಿರುತ್ತಾರೆ. ಎಲ್ಲ ಫ್ಯಾನುಗಳಲ್ಲೂ ಅದು ಹಳತಾದಂತೆ ಬೂದುಬಣ್ಣಕ್ಕೆ ತಿರುಗುತ್ತದೆ. ಇದರಲ್ಲಿ ಮಾತ್ರ ಹೊಳೆಯುತ್ತಿತ್ತು. ಬ್ಲೇಡಿನಿಂದ ಅದನ್ನು ಸೀಳಿದೆ. ಒಳಗೆ, ಕೂದಲಿಗಿಂತ ತುಸು ದಪ್ಪದ, ಕೆಂಪು ಬಣ್ಣ ಹಚ್ಚಿದ ಒಂದು ತಂತಿ, ಫ್ಯಾನಿನ ತಂತಿಯಿಂದ ಹೊರಟು ಟ್ರಾನ್ಸಿಸ್ಟರನ್ನು ಬಳಸಿಕೊಂಡು ನೇರ ಸೆಲ್ಲಿನ ಮನೆಗೆ ಹೋಗಿತ್ತು. ಎರಡೂ ತುದಿಯಲ್ಲಿ ಎಳ್ಳಿನ ಕಾಳಿನಷ್ಟು ಬೆಸುಗೆ. ಅಷ್ಟು ಚೊಕ್ಕ ಬೆಸುಗೆಯನ್ನು ನಾನು ಮಾವನ ಕೈಯಲ್ಲಿ ಬಿಟ್ಟರೆ ಬೇರೆ ಎಲ್ಲೂ ನೋಡಿರಲಿಲ್ಲ. ಸಿಟ್ಟು ಬರಬೇಕಾಗಿದ್ದ ಆ ಕ್ಷಣದಲ್ಲೂ ಮೊದಲು ಬಂದದ್ದು ಮೆಚ್ಚುಗೆ.

ಈ ತಂತಿ ಇರುವವರೆಗೆ ರೆಗ್ಯುಲೇಟರು ಎಷ್ಟು ತಿರುಗಿಸಿದರೂ ಅಷ್ಟೇ, ಸ್ವಿಚ್ಚು ಒತ್ತಿದರೆ ದೊಡ್ಡ ಗಾಳಿಯೇ. ಯಾರೋ ಬೇಕೆಂದೇ, ತಿಳಿದು, ಕೂತು ಮಾಡಿದ ಕೆಲಸ. ಅದನ್ನು ಕತ್ತರಿಸಿ ತೆಗೆದು ಒಂದು ಕಾಗದದ ಮೇಲೆ ಇಟ್ಟೆ. ಹಳೆಯ ಟ್ರಾನ್ಸಿಸ್ಟರನ್ನೇ ಮತ್ತೆ ಕೂರಿಸಿದೆ, ಅದು ಅವಳ ಫ್ಯಾನಿನದೇ ಅಲ್ಲವೇ.

ಆಮೇಲೂ ಒಂದು ತೊಡಕು ಉಳಿದಿತ್ತು. ನಡು ಗಾಳಿ ಬಂತು, ದೊಡ್ಡ ಗಾಳಿ ಬಂತು, ಸಣ್ಣ ಗಾಳಿಗೆ ಇಟ್ಟರೆ ಮಾತ್ರ ರೆಕ್ಕೆ ಒಮ್ಮೆ ನಡುಗಿ ನಿಂತುಬಿಡುತ್ತಿತ್ತು. ಬೆರಳಿನಿಂದ ತಳ್ಳಿದರೆ ಓಡುತ್ತದೆ, ತಾನಾಗಿ ಹೊರಡುವುದಿಲ್ಲ. ಇಷ್ಟು ದಿನ ಪೂರ್ತಿ ವೇಗದಲ್ಲೇ ಓಡಿ ಓಡಿ ನಡುವಿನ ಬೇರಿಂಗು ಒಣಗಿತ್ತು. ಫ್ಯಾನಿನ ಬೆನ್ನಿಗೆ ಅಂಟಿಸಿದ್ದ ಚೀಟಿ ಎಬ್ಬಿಸಿ, ಅದರ ಕೆಳಗೆ ಒಂದು ಹನಿ ಎಣ್ಣೆ ಬಿಟ್ಟು, ರೆಕ್ಕೆಯನ್ನು ಕೈಯಿಂದ ಎರಡೂ ಕಡೆಗೆ ತಿರುಗಿಸುತ್ತ ಕೂತೆ. ಎಣ್ಣೆ ಒಳಗಿಳಿದ ಮೇಲೆ ಸ್ವಿಚ್ಚು ಒತ್ತಿದೆ. ಈ ಸಲ ರೆಕ್ಕೆ ಸ್ವಲ್ಪ ಯೋಚಿಸಿದ ಹಾಗೆ ಮಾಡಿ, ಮೆಲ್ಲಗೆ ಹೊರಟು, ಸದ್ದಿಲ್ಲದೆ ತಿರುಗತೊಡಗಿತು.

ಕಸ್ತೂರಿ ಮೇಜಿನ ಹತ್ತಿರ ಬಂದು ಫ್ಯಾನು ತೆಗೆದುಕೊಂಡಳು. ಈ ಸಲ ನಾನು ಕಾಯಿಪಲ್ಲೆ ಹೇಳು ಎನ್ನಲಿಲ್ಲ. ಬೆಂಚನ್ನು ಮೇಜಿನ ಹತ್ತಿರ ಎಳೆದುಕೊಂಡು ಕೂತಿದ್ದ ಅಪ್ಪನ ಕಿವಿಯ ಬಳಿ ಅವಳು ಬಗ್ಗಿದಳು. ನಾನು ಅವರಿಬ್ಬರ ಮಗ್ಗುಲಲ್ಲೇ ಕೂತಿದ್ದರಿಂದ ನನಗೂ ಕೇಳಿತು. ಹಿಂದೆ ನಿಂತವರಿಗೆ ಕೇಳಲಿಲ್ಲ.

“ಅಪ್ಪಾ, ನಾ ಎಂದೂ ಜೋರ್ ಮಾಡಿ ಮಾತಾಡಿಲ್ಲ.”

ರಾಚಪ್ಪನವರು ತಮ್ಮ ಫ್ಯಾನನ್ನು ಎತ್ತಿದರು. ಅದರ ರೆಗ್ಯುಲೇಟರು ದೊಡ್ಡ ಗಾಳಿಯಲ್ಲೇ ಹಿಡಿದುಕೊಂಡಿತ್ತು. ಎರಡೂ ಹೆಬ್ಬೆರಳು ಹಚ್ಚಿ, ಹಲ್ಲು ಕಚ್ಚಿ ಅದನ್ನು ಕೆಳಗೆ ತಿರುಗಿಸಿದರು. ಮಾರುಕಟ್ಟೆಯನ್ನೇ ನಡುಗಿಸುವ ಆ ದನಿ ಸಣ್ಣ ಗಾಳಿಯಲ್ಲಿ ಹೇಗಿರುತ್ತದೆ ಎಂದು ಆ ದಿನ ಮೊದಲ ಸಲ ಕೇಳಿದೆ.

“ನಾನ ಕೇಳಲಿಲ್ಲವ್ವಾ,” ಎಂದರು.

ಅವಳು ಅಪ್ಪನ ಹೆಗಲಿಗೆ ತಲೆಯಿಟ್ಟು ಬಹಳ ಹೊತ್ತು ಮಾತಾಡಿದಳು. ತಿಂಗಳುಗಳಿಂದ ಒಳಗೆ ಉಳಿದದ್ದು ಹೊರಗೆ ಬಂತು. ಮದುವೆಯಾದ ಹೊಸದರಲ್ಲಿ ಎಲ್ಲ ಸರಿಯಾಗಿತ್ತು. ಒಮ್ಮೆ ಫ್ಯಾನು ಬಚ್ಚಲಿನ ನೀರಿಗೆ ಬಿತ್ತು. ಅತ್ತೆ ನೀಲವ್ವ ಅದನ್ನು ಒಣಗಿಸಿ ಕೊಡುತ್ತೇನೆಂದು ತೆಗೆದುಕೊಂಡು ಮಾರನೆಯ ದಿನ ಕೊಟ್ಟರು. ಅಂದಿನಿಂದ ಹೀಗೆ. ಕೆಟ್ಟಿದೆ ಎಂದು ಅವಳು ಗಂಡನಿಗೆ ತೋರಿಸಿದಳು. ಗಂಡ ಗುರುಪಾದ ಅದನ್ನು ತನ್ನ ತಾಯಿಗೆ ತೋರಿಸಿದ. ನೀಲವ್ವ ಹರೆಯದಲ್ಲಿ ಮನೆಯಲ್ಲೇ ಕೂತು ಫ್ಯಾನಿನ ಸುರುಳಿ ಸುತ್ತುತ್ತಿದ್ದವರು, ಫ್ಯಾನಿನ ವಿಷಯದಲ್ಲಿ ಆ ಮನೆಯಲ್ಲಿ ಅವರ ಮಾತೇ ಕೊನೆ. ಫ್ಯಾನು ಚೆನ್ನಾಗಿದೆ, ಹುಡುಗಿ ಹಿಡಿಯುವ ರೀತಿ ಸರಿಯಿಲ್ಲ ಎಂದು ಅವರು ಹೇಳಿದ ಮೇಲೆ ಗಂಡ ನಂಬಿದ. ಮಾತಾಡಿದರೆ ಓಣಿಗೆ ಕೇಳುತ್ತದೆ, ಸುಮ್ಮನಿದ್ದರೆ ಸಿಟ್ಟಿನವಳು ಎನ್ನುತ್ತಾರೆ. ಅವಳು ಸುಮ್ಮನಿರುವುದನ್ನೇ ಆರಿಸಿಕೊಂಡಿದ್ದಳು.

ಅಷ್ಟರಲ್ಲಿ ಜನ ದಾರಿ ಬಿಟ್ಟರು. ಬೀಗರು ರಾಚಪ್ಪನವರ ಮನೆಗೆ ಹೋಗಿ, ಅಲ್ಲಿ ಬಾಗಿಲಿಗೆ ಬೀಗ ಹಾಕಿದ್ದು ನೋಡಿ, ಕೇಳಿಕೊಂಡು ಇಲ್ಲಿಗೇ ಬಂದಿದ್ದರು. ನೀಲವ್ವ ಒಣಕಲು ಮೈಯವರು, ನೆಟ್ಟಗೆ ನಡೆಯುವವರು. ಹಿಂದೆ ಗುರುಪಾದ, ತನ್ನ ಚಪ್ಪಲಿ ನೋಡಿಕೊಂಡು ಬರುತ್ತಿದ್ದ. ಬಂದವರೇ ನೀಲವ್ವ ದೊಡ್ಡ ಗಾಳಿ ಹಚ್ಚಿ, ಸೊಸೆಯ ಬಾಯಿಗೆ ವ್ಯವಸ್ಥೆ ಆಯಿತೋ ಇಲ್ಲವೋ ಎಂದು ಕೇಳಿದರು. ಇಷ್ಟು ಜನರ ಮುಂದೆ ಮಾತಾಡುವುದು ಬೇಡ, ಮನೆಗೆ ಹೋಗೋಣ ಎಂದು ರಾಚಪ್ಪನವರು ಎದ್ದರು. ನಾನು ಅವರನ್ನು ಕೂರಿಸಿದೆ. ಅವಳ ಮೇಲಿನ ದೂರು ಬೀದಿಯಲ್ಲೇ ಹೊರಿಸಿದ್ದು, ಬೀದಿಯಲ್ಲೇ ಇಳಿಯಲಿ ಎಂದು ನನಗೆ ಅನ್ನಿಸಿತು. ಕಾಗದದ ಮೇಲಿದ್ದ ತಂತಿಯನ್ನು ಅಂಗೈಗೆ ಹಾಕಿಕೊಂಡು ಗುರುಪಾದನ ಮುಂದೆ ಹಿಡಿದೆ.

“ಇದು ಫ್ಯಾನಿನೊಳಗ ಇತ್ತು. ಇದು ಇದ್ರ ರೆಗ್ಯುಲೇಟರ್ ಎಷ್ಟು ತಿರುವಿದ್ರೂ ಗಾಳಿ ಕಡಿಮಿ ಆಗೂದಿಲ್ಲ. ತಾನ ಬೆಳದದ್ದಲ್ಲ ಇದು, ಬೆಸಗಿ ಹಾಕ್ಯಾರ.”

ಯಾರು ಹಾಕಿದರು ಎಂದು ನಾನು ಹೇಳಲಿಲ್ಲ. ಗುರುಪಾದ ಆ ತುಂಡನ್ನು ಎರಡು ಬೆರಳಿನಲ್ಲಿ ಎತ್ತಿ ಬಿಸಿಲಿಗೆ ಹಿಡಿದ. ಆ ಕೆಂಪು ಬಣ್ಣವನ್ನು ಅವನು ಹುಡುಗನಾಗಿದ್ದಾಗಿನಿಂದ ನೋಡಿದ್ದನೆಂದು ನನಗೆ ಆಮೇಲೆ ತಿಳಿಯಿತು. ಮನೆಯ ಮೂಲೆಯ ಪೆಟ್ಟಿಗೆಯಲ್ಲಿ ಅಂಥ ತಂತಿಯ ಉಂಡೆಗಳಿದ್ದವು. ಅವನು ತಲೆಯೆತ್ತಿ ತಾಯಿಯ ಮುಖ ನೋಡಿದ.

ನೀಲವ್ವ ಸುಳ್ಳು ಹೇಳುತ್ತಾರೆ ಎಂದುಕೊಂಡಿದ್ದೆ. ಹೇಳಲಿಲ್ಲ. ತಮ್ಮ ಫ್ಯಾನನ್ನು ದೊಡ್ಡ ಗಾಳಿಯಿಂದ ನಡು ಗಾಳಿಗೆ ಇಳಿಸಿದರು. ಜನ ಕೇಳಿಸಿಕೊಳ್ಳಲು ಒಂದು ಹೆಜ್ಜೆ ಮುಂದೆ ಬಂದರು.

“ನಾನ ಹಾಕೀನಿ. ಇವನ ಅಪ್ಪ ಹೋದ ಮ್ಯಾಲ ಆ ಮನ್ಯಾಗ ನನ್ನ ಕೂಡ ಮಾತಾಡಾಂವ ಇವ ಒಬ್ಬನ ಇದ್ದ. ಮದಿವಿ ಆದ ಮ್ಯಾಲ ಬಾಗಲಾ ಹಾಕ್ಕೊಂಡು ಇಬ್ರೂ ಸಣ್ಣ ಗಾಳ್ಯಾಗ ಮಾತಾಡ್ತಿದ್ರು. ಒಬ್ಬರ ಮಾತರ ನನಗ ಕೇಳ್ಲಿ ಅಂತ ಹಾಕಿದೆ. ಓಣಿಗೆಲ್ಲ ಕೇಳ್ತೈತಿ ಅನ್ನೂದು ಆಮ್ಯಾಲ ತಿಳೀತು.”

ತಿಳಿದ ಮೇಲೆ ಏಕೆ ತೆಗೆಯಲಿಲ್ಲ ಎಂದು ನಾನು ಕೇಳಿದೆ.

“ತಗದ್ರ ನಾ ಹಾಕಿದ್ದು ಗೊತ್ತಾಗ್ತಿತ್ತು,” ಎಂದು ನೀಲವ್ವ ಹೇಳಿದರು.

ಬೀದಿಯಲ್ಲಿ ಅಷ್ಟು ಜನರಿದ್ದರೂ ಒಂದು ಫ್ಯಾನೂ ತಿರುಗಲಿಲ್ಲ. ರಾಚಪ್ಪನವರ ಮುಖ ಕೆಂಪಾಗಿತ್ತು. ಅವರು ತಮ್ಮ ದೊಡ್ಡ ಫ್ಯಾನಿಗೆ ಕೈ ಹಾಕಿದ್ದು ನೋಡಿ ಕಸ್ತೂರಿ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು. ಎಲ್ಲರ ಕಣ್ಣೂ ಅವಳ ಮೇಲಿತ್ತು. ಅತ್ತೆಯನ್ನು ಬೀದಿಗೆಲ್ಲ ಕೇಳುವಂತೆ ತರಾಟೆಗೆ ತೆಗೆದುಕೊಳ್ಳುತ್ತಾಳೆ ಎಂದು ಜನ ಕಾದರು. ನಾನೂ ಕಾದೆ. ಈಗ ಅವಳಿಗೆ ಮೂರು ಗಾಳಿಯೂ ಇತ್ತು, ಯಾವುದನ್ನು ಬೇಕಾದರೂ ಹಚ್ಚಬಹುದಿತ್ತು.

ಅವಳು ರೆಗ್ಯುಲೇಟರನ್ನು ಸಣ್ಣ ಗಾಳಿಯ ಕೊನೆಗೆ ತಿರುಗಿಸಿ, ಗುರುಪಾದನ ಹತ್ತಿರ ಹೋಗಿ, ಅವನ ಕಿವಿಯ ಪಕ್ಕ ಫ್ಯಾನು ಹಿಡಿದು ಮಾತಾಡಿದಳು. ಹತ್ತಿರವೆಂದರೆ ನಾನೇ ಹತ್ತಿರ, ನನಗೂ ಕೇಳಲಿಲ್ಲ. ಅವಳ ತುಟಿಯನ್ನು ಸೆರಗು ಮರೆಮಾಡಿತ್ತು. ರೆಕ್ಕೆ ಮಾತ್ರ ಬಿಸಿಲಲ್ಲಿ ಮೆಲ್ಲಗೆ ತಿರುಗುವುದು ಕಾಣುತ್ತಿತ್ತು, ಒಮ್ಮೆಯೂ ನಡುಗಲಿಲ್ಲ, ನಿಲ್ಲಲಿಲ್ಲ. ನನ್ನ ಕೆಲಸದ ಬಗ್ಗೆ ನನಗೆ ಅಷ್ಟು ಸಂತೋಷ ಮೊದಲೆಂದೂ ಆಗಿರಲಿಲ್ಲ. ಗುರುಪಾದ ಕೇಳುತ್ತ ಕೇಳುತ್ತ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತ. ಒಮ್ಮೆ ಏನೋ ಹೇಳಹೋದ, ಫ್ಯಾನು ಎತ್ತಿರಲಿಲ್ಲ, ಮಾತು ಅಲ್ಲೇ ನಿಂತಿತು. ಅವಳು ಮುಗಿಸಿದಾಗ ತಲೆಯಾಡಿಸಿದ. ಅವಳು ಸ್ವಿಚ್ಚು ಆರಿಸಿ ಅಪ್ಪನ ಪಕ್ಕಕ್ಕೆ ಬಂದು ನಿಂತಳು.

ಏನಂದಳು ಎಂದು ನೀಲವ್ವ ಮಗನನ್ನು ಕೇಳಿದರು. ಗಾಳಿ ಹೆಚ್ಚಿಸಿ ಮತ್ತೆ ಕೇಳಿದರು. ಗುರುಪಾದ ಕೊರಳಿನಿಂದ ತನ್ನ ಫ್ಯಾನು ತೆಗೆದು, ಅದರ ಸೆಲ್ಲು ಬಿಚ್ಚಿ, ಎರಡನ್ನೂ ಅಂಗಿಯ ಜೇಬಿಗೆ ಹಾಕಿಕೊಂಡ. ಆಮೇಲೆ ತಾಯಿಯ ಕೈ ಹಿಡಿದು ಮೆಲ್ಲಗೆ ಹೊಳೆಯ ದಾರಿಗೆ ನಡೆಸಿಕೊಂಡು ಹೋದ. ಜನ ಸ್ವಲ್ಪ ಹೊತ್ತು ನಿಂತಿದ್ದು, ಏನೂ ದಕ್ಕದೆ ಚದುರಿದರು. ಬಳೆ ಅಂಗಡಿಯವರಂತೂ ಇಡೀ ವಾರ ನನ್ನನ್ನು ಬಿಡಲಿಲ್ಲ. ಅಷ್ಟು ಹತ್ತಿರ ಕೂತು ಕೇಳಿಲ್ಲ ಎಂದರೆ ನಂಬುವುದು ಹೇಗೆ ಎಂದು ಅವರ ವಾದ.

ಕಸ್ತೂರಿ ಅಂದು ಗಂಡನ ಮನೆಗೆ ಹೋಗಲಿಲ್ಲ. ಗುರುಪಾದ ನಮ್ಮ ಪೇಟೆಯ ಹಿಟ್ಟಿನ ಗಿರಣಿಯ ಹಿಂದೆ ಎರಡು ಕೋಣೆ ಹಿಡಿದು, ಸುಣ್ಣ ಬಳಿಸಿ, ಒಲೆ ಹೂಡಿಸಿ, ಆಮೇಲೆ ರಾಚಪ್ಪನವರ ಬಳಿ ಬಂದು ಕೇಳಿದ. ಅವಳು ಹೋಗಿ ಕೋಣೆ ನೋಡಿದಳು, ಬಾಗಿಲು ಹಾಕಿ ತೆಗೆದು ನೋಡಿದಳು, ಒಪ್ಪಿದಳು. ಗಿರಣಿಯ ಸದ್ದಿನಲ್ಲಿ ಸಣ್ಣ ಗಾಳಿಯ ಮಾತು ಕೇಳುವುದೇ ಕಷ್ಟ ಎಂದು ರಾಚಪ್ಪನವರು ಗೊಣಗಿದರು. ಹತ್ತಿರ ಕೂತರೆ ಕೇಳುತ್ತದೆ ಎಂದು ನಾನು ಹೇಳಿದೆ.

ನೀಲವ್ವ ಹೊಳೆಯಾಚೆ ಒಬ್ಬರೇ ಉಳಿದರು. ಮಗ ಎರಡು ದಿನಕ್ಕೊಮ್ಮೆ ಹೋಗಿ ಬರುತ್ತಿದ್ದ, ಮಾತು ಕಡಿಮೆ. ನನಗೆ ಆ ಎಳ್ಳು ಕಾಳಿನಂಥ ಬೆಸುಗೆ ಮರೆಯಲಾಗಲಿಲ್ಲ. ಒಂದು ಮಧ್ಯಾಹ್ನ ಅಂಗಡಿ ಮುಚ್ಚಿ ಹೊಳೆ ದಾಟಿ ಅವರ ಮನೆಗೆ ಹೋದೆ. ಜಗಳಕ್ಕೆ ಬಂದಿದ್ದೇನೆ ಎಂದುಕೊಂಡು ಅವರು ಬಾಗಿಲಿನಲ್ಲೇ ನಿಂತರು. ನನ್ನ ಮೇಜಿಗೆ ಇನ್ನೊಂದು ಕೈ ಬೇಕು, ಅಂಥ ಕೈ ಹೊಳೆಯ ಎರಡೂ ದಡದಲ್ಲಿ ನಿಮ್ಮದು ಒಂದೇ ಎಂದು ನೇರವಾಗಿ ಹೇಳಿದೆ. ಅವರು ಆಗುವುದಿಲ್ಲ ಎಂದರು, ನೀರು ಸಹ ಕೊಡಲಿಲ್ಲ. ಕೆಲವು ದಿನ ಬಿಟ್ಟು ಒಂದು ಬೆಳಗ್ಗೆ ನಾನು ಬಾಗಿಲು ತೆಗೆಯುವ ಮೊದಲೇ ತಮ್ಮ ಹಳೆಯ ಬೆಸುಗೆ ಕಡ್ಡಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ನಾನು ಒಂದೇ ಷರತ್ತು ಹಾಕಿದೆ: ಫ್ಯಾನಿನ ಒಡೆಯರು ಎದುರಿಗೆ ಕೂತಿರದೆ ಯಾವ ಫ್ಯಾನನ್ನೂ ಬಿಚ್ಚಬಾರದು. ಅವರು ತಲೆಯಾಡಿಸಿ ಕೆಲಸಕ್ಕೆ ಕೂತರು.

ಈಗ ಬೆಳಗಿನಿಂದ ಸಂಜೆಯವರೆಗೆ ಅವರ ಮಾತು ಕೇಳಲು ಜನ ಇದ್ದಾರೆ. ಎದುರಿಗೆ ಕೂತ ಗಿರಾಕಿ ಎಲ್ಲಿಗೆ ಹೋದಾರು? ನನಗೆ ತಲೆ ಸಿಡಿಯುತ್ತದೆ, ಆದರೆ ಕೆಲಸ ದುಪ್ಪಟ್ಟು ಸಾಗುತ್ತದೆ. ಕಸ್ತೂರಿಯೂ ಫ್ಯಾನಿಗೆ ಎಣ್ಣೆ ಹಾಕಿಸಲು ಬರುತ್ತಾಳೆ. ಮೊದಮೊದಲು ನನ್ನ ಕೈಗೇ ಫ್ಯಾನು ಕೊಡುತ್ತಿದ್ದಳು. ಒಂದು ಸಲ ನಾನು ಬೇರೆ ಕೆಲಸದಲ್ಲಿದ್ದೆ. ಅವಳು ಸ್ವಲ್ಪ ಹೊತ್ತು ನಿಂತು, ಆಮೇಲೆ ನೀಲವ್ವನ ಎದುರು ಕೂತು ಫ್ಯಾನನ್ನು ಮೇಜಿನ ಮೇಲಿಟ್ಟಳು. ನೀಲವ್ವ ಒಂದೊಂದೇ ತಿರುಪು ಬಿಚ್ಚಿ ಅವಳ ಕಡೆಗೆ ಸಾಲಾಗಿ ಇಡುತ್ತ ಹೋದರು. ಅವಳು ಕಣ್ಣು ಮಿಟುಕಿಸದೆ ಅವರ ಬೆರಳುಗಳನ್ನೇ ನೋಡುತ್ತ ಕೂತಿದ್ದಳು. ಎಣ್ಣೆ ಬಿಟ್ಟು, ಮುಚ್ಚಿ, ಸಣ್ಣ ಗಾಳಿಗೆ ಇಟ್ಟು ಓಡಿಸಿ ತೋರಿಸಿ ಕೊಟ್ಟರು. ಅವಳು ತೆಗೆದುಕೊಂಡಳು. ಮುಂದಿನ ಸಲ ಬಂದಾಗ ಬಿಸಿ ರೊಟ್ಟಿ ತಂದಿದ್ದಳು, ಮೂವರೂ ತಿಂದೆವು.

ಅಂದು ಮೆಟ್ಟಿಲ ಮೇಲೆ ಸೊಸೆ ಏನಂದಳೆಂದು ನನಗೇನಾದರೂ ತಿಳಿದಿದೆಯೇ ಎಂದು ನೀಲವ್ವ ಈಗಲೂ ಒಮ್ಮೊಮ್ಮೆ ಕೇಳುತ್ತಾರೆ. ಇಲ್ಲ ಎನ್ನುತ್ತೇನೆ, ಅದು ನಿಜ. ನನಗೂ ಕುತೂಹಲ ಇಲ್ಲದಿಲ್ಲ. ಮೊನ್ನೆ ನೀಲವ್ವ ಚಹಾ ತರಲು ಹೋದಾಗ ಕಸ್ತೂರಿ ಒಬ್ಬಳೇ ಸಿಕ್ಕಳು. ನನ್ನ ಫ್ಯಾನನ್ನು ಸಣ್ಣ ಗಾಳಿಗೆ ಇಟ್ಟು ಅವಳನ್ನು ಕೇಳಿಯೇಬಿಟ್ಟೆ. ಅವಳು ನಕ್ಕಳು. ರೆಗ್ಯುಲೇಟರು ತಿರುಗಿಸಿ ನನ್ನ ಕಿವಿಯ ಹತ್ತಿರ ಬಗ್ಗಿದಳು.

“ನಿಮಗ ಹೇಳಾಂಗಿದ್ರ ಅವತ್ತ ನಡು ಗಾಳಿ ಇಡ್ತಿದ್ನಲ್ರಿ ಅಕ್ಕಾರ.”